ನಿತ್ಯಪುಷ್ಪದ ಎಲೆ ರಸ: ನಾನೇ ಕಳಿಸಿದ ಮೆಸೇಜ್ ತಪ್ಪು

ಚಿತ್ರದುರ್ಗದ ಚಂದ್ರವಳ್ಳಿಗೆ ವಾಕಿಂಗ್ ಹೋಗುವ ನಮ್ಮ ವಾಟ್ಸಾಪ್ ಗುಂಪಿಗೆ ಕಳೆದ ವಾರ ನಾನೊಂದು ಮೆಸೇಜ್ ಹಾಕಿದ್ದೆ: 'ನಿತ್ಯಪುಷ್ಪದ ಎಲೆ ರಸ ಖಾಲಿ ಹೊಟ್ಟೆಗೆ ಕುಡಿಯಿರಿ, ಶುಗರ್ ಹೋಗುತ್ತೆ, ಕ್ಯಾನ್ಸರ್ ಹತ್ತಿರ ಸುಳಿಯಲ್ಲ.' ವಿಚಾರಿಸದೆ ಕಳಿಸಿದ್ದು ನನ್ನ ತಪ್ಪು. ಈಗ ಅದು ದಾವಣಗೆರೆಯ ನೆಂಟರಿಂದ ನನಗೇ ವಾಪಸ್ ಬಂದಿದೆ.

ಈ ಗಿಡದಿಂದ ಕ್ಯಾನ್ಸರ್ ಔಷಧಿ ಸಿಕ್ಕಿದ್ದು ನಿಜ. ಆದರೆ ರಸವೇ ಔಷಧಿಯಲ್ಲ. ಜಮೈಕಾದಲ್ಲಿ ಶುಗರ್‌ಗೆ ಇದರ ಕಷಾಯ ಕುಡಿಯುತ್ತಾರೆಂದು ತಿಳಿದು ಕೆನಡಾದ ವಿಜ್ಞಾನಿ ರಾಬರ್ಟ್ ನೋಬಲ್ 1950ರ ದಶಕದಲ್ಲಿ ಇಲಿಗಳ ಮೇಲೆ ಪರೀಕ್ಷಿಸಿದರು. ಬಾಯಿಗೆ ಹಾಕಿದಾಗ ಸಕ್ಕರೆ ಇಳಿಯಲಿಲ್ಲ. ಇಂಜೆಕ್ಷನ್ ಕೊಟ್ಟಾಗ ಬಿಳಿ ರಕ್ತಕಣಗಳು ಕುಸಿದು, ಸೋಂಕು ತಗುಲಿ ಇಲಿಗಳು ಸತ್ತವು. ಬಿಳಿ ರಕ್ತಕಣ ಇಳಿಸುವುದು ರಕ್ತದ ಕ್ಯಾನ್ಸರ್‌ಗೆ ಉಪಯೋಗವಾದೀತು ಎಂಬ ಸುಳಿವು ಹಿಡಿದೇ ಅವರೂ ಸಹ ವಿಜ್ಞಾನಿ ಚಾರ್ಲ್ಸ್ ಬಿಯರ್ ಅವರೂ ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧಿ ಬೇರ್ಪಡಿಸಿ, 1958ರಲ್ಲಿ ಪ್ರಕಟಿಸಿದರು. ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಕೊಡುವ ವಿನ್‌ಕ್ರಿಸ್ಟಿನ್ ಕೂಡ ಇದೇ ಗಿಡದ್ದು. ಇಂಥದ್ದು ಒಂದು ಗ್ರಾಂ ಸಿಗಲು ನೂರಾರು ಕಿಲೋ ಒಣ ಎಲೆ ಬೇಕು. ಅದನ್ನೂ ಆಸ್ಪತ್ರೆಯಲ್ಲಿ ಲೆಕ್ಕ ಹಾಕಿ ರಕ್ತನಾಳಕ್ಕೇ ಕೊಡುತ್ತಾರೆ. ಲೋಟದ ರಸದಲ್ಲಿ ಯಾವ ಆಲ್ಕಲಾಯ್ಡ್ (ಗಿಡದಲ್ಲಿರುವ ಪ್ರಬಲ ರಾಸಾಯನಿಕ) ಎಷ್ಟಿದೆ, ಅಳೆದವರು ಯಾರು? ಅವುಗಳಲ್ಲಿ ವಿಷಕಾರಿಯೂ ಇವೆ.

ಅಂದಹಾಗೆ, 'ನಮ್ಮ ಜೋಗಿಮಟ್ಟಿ ಕಾಡಿನ ಮೂಲಿಕೆ' ಅಂತಲೂ ಮೆಸೇಜಿನಲ್ಲಿತ್ತು. ಇದರ ತವರು ಮಡಗಾಸ್ಕರ್.

ದಯವಿಟ್ಟು ಆ ಮೆಸೇಜ್ ಅಳಿಸಿ, ಮುಂದಕ್ಕೆ ಕಳಿಸಬೇಡಿ. ರಸ ಕುಡಿಯುತ್ತಿರುವವರು ನಿಲ್ಲಿಸಿ. ಅದನ್ನು ನಂಬಿ ಶುಗರ್ ಮಾತ್ರೆ ಬಿಟ್ಟಿದ್ದರೆ ಇವತ್ತೇ ಡಾಕ್ಟರಿಗೆ ತೋರಿಸಿ.