ಬೋಲ್ಟನ್ನು ಸೋಲಿಸಿದ ಕ್ಯಾಲ್ಕುಲೇಟರು

2020ರ ಫೆಬ್ರವರಿ ನೆನಪುಂಟಾ ಮಾರಾಯ್ರೆ? ಐಕಳ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡ್ರು 142.5 ಮೀಟರ್ ಕರೆಯನ್ನು, ಅಂದ್ರೆ ಕೋಣ ಓಡುವ ಕೆಸರಿನ ಟ್ರ್ಯಾಕನ್ನು, 13.62 ಸೆಕೆಂಡಲ್ಲಿ ಓಡಿದ್ರು, ಯಾರೋ ಪುಣ್ಯಾತ್ಮ ಮೊಬೈಲ್ ತೆಗೆದು ಭಾಗಾಕಾರ ಮಾಡಿದ, 100 ಮೀಟರಿಗೆ 9.55 ಅಂತೆ, ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 9.58, ಮುಗೀತು, ಇಡೀ ದೇಶವೇ ಮಂಜೊಟ್ಟಿ (ಕರೆ ಮುಗಿಯುವಲ್ಲಿನ ದಿಬ್ಬ) ಹತ್ತಿತು. ಕೇಂದ್ರದ ಕ್ರೀಡಾ ಮಂತ್ರಿಗಳು ಟ್ರಯಲ್ಸಿಗೆ ಕರೆದ್ರು. ಗೌಡ್ರು ಮಾತ್ರ ನಾನು ಕೆಸರಲ್ಲಿ ಓಡುವವ, ಬೋಲ್ಟಿಗೆ ಹೋಲಿಸ್ಬೇಡಿ ಅಂತ ಹೇಳ್ತಾ ಇದ್ರು. ಇಡೀ ಕತೆಯಲ್ಲಿ ಅಳತೆಯ ಅಂದಾಜು ಇದ್ದದ್ದು ಅವರೊಬ್ಬರಿಗೇ ಅಂತ ಕಾಣ್ತದೆ.

ಮೊನ್ನೆ ಹೋಟ್ಲಲ್ಲಿ ಗೋಳಿಬಜೆ ತಿನ್ನುವಾಗ ನನ್ನ ದೋಸ್ತಿ ಒಬ್ಬ ಪುನಃ ಅದೇ 9.55 ಸುರು ಮಾಡಿದ. ಎಣ್ಣೆ ಕೈಯಲ್ಲೇ ಲೆಕ್ಕ ಹಾಕಿದೆ, ಮೊಬೈಲಲ್ಲಿ 9.557894736 ಅಂತ ಬಂತು. ರೌಂಡ್ ಮಾಡಿದ್ರೆ 9.56 ಆಗ್ಬೇಕಲ್ವಾ? ಅಥ್ಲೆಟಿಕ್ಸಲ್ಲಂತೂ ಸೆಕೆಂಡಿನ ಸಾವಿರದ ಅಂಕಿ ಸ್ವಲ್ಪ ಇದ್ರೂ ಮೇಲಕ್ಕೇ ಏರಿಸುದು. ನಮ್ಮವರು ಬಾಲ ಕತ್ತರಿಸಿ ಬಿಸಾಡಿದ್ದಾರೆ.

"ಅದು ಇರ್ಲಿ, 142.5 ಅಂತ ಉಂಟಲ್ಲ, ಅದ್ರಲ್ಲಿ ಪ್ಲಸ್ ಮೈನಸ್ ಎಷ್ಟು, ಅಳತೆ ಎಷ್ಟು ಆಚೀಚೆ ಆಗ್ಬಹುದು?" ಅಂತ ಕೇಳಿದೆ.

"ಎಂತ ಮೈನಸ್? ನಿಂಗೆ ಊರಿನ ಅಭಿಮಾನವೇ ಇಲ್ವಾ?"

ಅಭಿಮಾನ ಉಂಟು ಮಾರಾಯ, ಆದ್ರೆ ಕರೆ ಒಂದೇ ಒಂದು ಮೀಟರ್ ಗಿಡ್ಡ ಇದ್ರೂ, ಅಂದ್ರೆ ಒಂದು ಕೋಣದ ಉದ್ದವೂ ಇಲ್ಲ, ಲೆಕ್ಕ 9.63ಕ್ಕೆ ಹೋಗಿ ಬೋಲ್ಟ್ ಗೆಲ್ತಾನೆ, ಒಂದು ಮೀಟರ್ ಉದ್ದ ಇದ್ರೆ 9.49. ಜಗಳ ಇರುದು 0.03ಕ್ಕೆ, ಒಂದು ಮೀಟರಿನ ಅನುಮಾನವೇ 0.07 ತಿಂತದೆ. ಕೈಯಲ್ಲಿ ಒತ್ತುವ ಸ್ಟಾಪ್‌ವಾಚ್ ಆದ್ರೆ ಹೆಬ್ಬೆರಳಿನ ತಡವೇ 0.2 ಸೆಕೆಂಡ್ ಹತ್ರ. ಬೋಲ್ಟ್ ನಿಂತಲ್ಲಿಂದ ಎದ್ದು ಓಡಿದ್ದು, ಗುಂಡು ಕೇಳಿ ಏಳ್ಲಿಕ್ಕೇ 0.146 ಹೋಗಿದೆ, ಇಲ್ಲಿ ಗಂತಿನ (ಓಟ ಸುರು ಆಗುವ ಜಾಗದ) ಆ ತಡ 142.5 ಮೀಟರಿಗೆ ಹಂಚಿ ಹೋಗಿದೆ. ಎದುರಿಂದ ಎರಡು ಕೋಣ ಎಳೀತಾ ಇರುದನ್ನು ಬೇರೆ ಹೇಳ್ಬೇಕಾ?

ಇದೆಲ್ಲ ಅರ್ಥ ಆಗ್ಬೇಕಾದ್ರೆ ಮೀನಿನ ಮಾರ್ಕೆಟಿಗೆ ಹೋಗ್ಬೇಕು. ಬಂಗುಡೆ ಕಿಲೋಕ್ಕೆ ಎಷ್ಟು ಬರ್ತದೆ ಅಂತ ಕೇಳಿದ್ರೆ ಆ ಅಕ್ಕ "ಏಳೋ ಎಂಟೋ" ಅಂತಾರೆ, 7.55 ಅಂತ ಯಾವತ್ತೂ ಹೇಳಿದ್ದಿಲ್ಲ.

ತಮಾಷೆ ಎಂತ ಅಂದ್ರೆ, ಆ ಕಂಬಳದ ಹಿಂದಿನ ದಿನ, ಜನವರಿ 31ಕ್ಕೇ, ನಮ್ಮ ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್ ಓಪನ್ ಆದದ್ದು, ಸುಮಾರು 10 ವರ್ಷ ಕಾದ ಮೇಲೆ. ಅದಕ್ಕೆ ಕೊಟ್ಟ ತಾರೀಕುಗಳಿಗೂ ಪ್ಲಸ್ ಮೈನಸ್ ಇತ್ತು, ಮೈನಸ್ ಒಂದು ಸಲವೂ ಬರ್ಲಿಲ್ಲ ಅಷ್ಟೇ.

ಅಷ್ಟೊತ್ತಿಗೆ ದೋಸ್ತಿಗೆ ಮನೆಯಿಂದ ಫೋನ್ ಬಂತು. "ಹಾಂ, ಎರಡೇ ನಿಮಿಷ, ಪಂಪ್‌ವೆಲ್ ಹತ್ರ ಇದ್ದೇನೆ" ಅಂತ ಹೇಳಿ ಇಟ್ಟ, ಇನ್ನೊಂದು ಪ್ಲೇಟ್ ಗೋಳಿಬಜೆಗೆ ಹೇಳಿದ.