'ಸ್ಟ್ಯಾಂಡರ್ಡ್ ವಿಧಾನ' ಅಂತೆ!

ಈಗಷ್ಟೇ ಮತ್ತೊಂದು ಮೈಕ್ರೋಫ್ಲುಯಿಡಿಕ್ಸ್ (ಕೂದಲೆಳೆಯಂಥ ಸಣ್ಣ ಕಾಲುವೆ, ಅಂದರೆ ಚಾನೆಲ್‌ಗಳಲ್ಲಿ ದ್ರವ ಹರಿಸುವ ವಿದ್ಯೆ) ಪೇಪರ್ ಓದಿ ಕೆಳಗಿಟ್ಟೆ. ಚಿತ್ರಗಳು ಚೆಂದ, ಹನಿಗಳು ಶಿಸ್ತಾಗಿ ಸಾಲುಗಟ್ಟಿವೆ. ಆ ಚಾನೆಲ್‌ಗಳಿರುವ ಚಿಪ್ ಮಾಡಿದ್ದು ಹೇಗೆ ಅಂದರೆ ಒಂದೇ ಸಾಲು: 'ಸಾಫ್ಟ್ ಲಿಥೋಗ್ರಫಿಯ ಸ್ಟ್ಯಾಂಡರ್ಡ್ ವಿಧಾನದಲ್ಲಿ ತಯಾರಿಸಲಾಯಿತು.' ಮುಗೀತು. ಅಚ್ಚಿನ ಮೇಲೆ ರಬ್ಬರಿನಂಥ ದ್ರವ ಸುರಿದು, ಗಟ್ಟಿಯಾದ ಮೇಲೆ ಕಿತ್ತು ಗಾಜಿಗೆ ಅಂಟಿಸೋದು ಅಂತ ಅರ್ಥ. ಯಾರ ಸ್ಟ್ಯಾಂಡರ್ಡು ಸ್ವಾಮಿ?

ಪಕ್ಕದಲ್ಲೊಂದು ರೆಫರೆನ್ಸ್ ಇದೆ. ತೆರೆದರೆ ಅದು ಇನ್ನೊಂದರ ಕಡೆ ಕೈ ತೋರಿಸುತ್ತೆ. ಹೀಗೇ ಹಿಂದೆ ಹಿಂದೆ ಹೋದರೆ ಎಷ್ಟೋ ಸಲ ಹಾರ್ವರ್ಡ್‌ನ ವೈಟ್‌ಸೈಡ್ಸ್ ತಂಡದ 1998ರ ಲೇಖನಕ್ಕೆ ಹೋಗಿ ನಿಲ್ಲುತ್ತೇವೆ. ಅದು ಒಳ್ಳೆಯ ಲೇಖನ, ತಕರಾರಿಲ್ಲ. ಆದರೆ ನೀವು ಮೊನ್ನೆ ಬಳಸಿದ ಪಂಚಿನ (ಟ್ಯೂಬ್ ಸಿಕ್ಕಿಸಲು ರಂಧ್ರ ಕೊರೆಯುವ ಸಾಧನದ) ಅಳತೆ ಅದರಲ್ಲಿ ಇರುತ್ತಾ?

ಪಿಡಿಎಂಎಸ್ (ಆ ಸಿಲಿಕೋನ್ ರಬ್ಬರ್) ಬೇಸ್ 10 ಭಾಗ, ಅದನ್ನು ಗಟ್ಟಿಯಾಗಿಸುವ ಕ್ಯೂರಿಂಗ್ ಏಜೆಂಟ್ 1 ಭಾಗ, ತೂಕದ ಲೆಕ್ಕದಲ್ಲಿ. ಇದು ಎಲ್ಲರಿಗೂ ಗೊತ್ತು. ಲ್ಯಾಟೆಕ್ಸ್ ಗ್ಲೌಸ್ ಹಾಕಿಕೊಂಡು ಮುಟ್ಟಿದರೆ ಅದರ ಗಂಧಕ, ರಬ್ಬರನ್ನು ಗಟ್ಟಿಯಾಗಿಸುವ ಪ್ಲಾಟಿನಂ ವೇಗವರ್ಧಕವನ್ನು ಕೆಡಿಸುತ್ತೆ, ಆ ಜಾಗ ರಾತ್ರಿಯಿಡೀ ಓವನ್‌ನಲ್ಲಿಟ್ಟರೂ ಅಂಟಂಟಾಗೇ ಇರುತ್ತೆ ಅನ್ನೋದನ್ನು ಎಷ್ಟು ಪೇಪರ್ ಬರೆದಿವೆ? ನೈಟ್ರೈಲ್ ಗ್ಲೌಸ್ ಹಾಕಿ ಅನ್ನೋಕೆ ಬೇಕಾಗಿದ್ದು ಮೂರು ಪದ. ಅಚ್ಚಿರುವ ಸಿಲಿಕಾನ್ ಬಿಲ್ಲೆಗೆ, ಅಂದರೆ ವೇಫರಿಗೆ, ರಬ್ಬರ್ ಅಂಟದಂತೆ ಸಿಲೇನ್ ಆವಿ ಕೊಟ್ಟಿರಾ, ಇಲ್ಲವಾ? ಕೊಡದಿದ್ದರೆ ಪಿಡಿಎಂಎಸ್ ಕೀಳುವಾಗ ಎಸ್‌ಯು-8 ರಾಳದ ಗೆರೆಗಳೂ ಕಿತ್ತು ಬರಬಹುದು; ಅಲ್ಲಿಗೆ ಅಚ್ಚಿನ ಕಥೆ ಮುಗಿದಂತೆ.

ನನ್ನ ಪಿತ್ತ ನಿಜಕ್ಕೂ ನೆತ್ತಿಗೇರುವುದು ಬಾಂಡಿಂಗ್, ಅಂದರೆ ಪಿಡಿಎಂಎಸ್ ಅನ್ನು ಗಾಜಿಗೆ ಅಂಟಿಸುವ ವಿಷಯದಲ್ಲಿ. ಅಂಟುವಂತೆ ಮೇಲ್ಮೈಯನ್ನು ಮೊದಲು ಪ್ಲಾಸ್ಮಾದಿಂದ (ವಿದ್ಯುದಾವೇಶ ಪಡೆದ ಅನಿಲದಿಂದ) ಹದಗೊಳಿಸಬೇಕು. 'ಆಕ್ಸಿಜನ್ ಪ್ಲಾಸ್ಮಾ, 30 ವ್ಯಾಟ್, 1 ನಿಮಿಷ.' ಆಹಾ, ಎಂಥ ನಿಖರತೆ! ಚೇಂಬರಿನ ಗಾತ್ರ, ಒಳಗಿನ ಒತ್ತಡ ಬದಲಾದರೆ ಅದೇ 30 ವ್ಯಾಟ್ ಬೇರೆಯೇ ಕೆಲಸ ಮಾಡುತ್ತೆ. ಕಡಿಮೆಯಾದರೆ ಅಂಟಲ್ಲ. ಹೆಚ್ಚಾದರೆ ಮೇಲ್ಮೈ ಗಾಜಿನಂತೆ ಪೆಡಸಾಗಿ ಸೂಕ್ಷ್ಮ ಬಿರುಕು ಬಿಡುತ್ತೆ, ಆಗಲೂ ಸರಿಯಾಗಿ ಅಂಟಲ್ಲ. ವ್ಯಾಟ್ ಬದಲು, ಪ್ಲಾಸ್ಮಾ ಆದ ಮೇಲೆ ನೀರಿನ ಹನಿಯ ಸಂಪರ್ಕ ಕೋನ ಎಷ್ಟಿತ್ತು ಅಂತ ಬರೆಯಿರಿ. ಮೊದಲು 110 ಡಿಗ್ರಿ ಆಸುಪಾಸಿನಲ್ಲಿ ಗುಂಡಗೆ ಕೂರುವ ಹನಿ ಆಮೇಲೆ ಚಪ್ಪಟೆಯಾಗಿ ಹರಡಬೇಕು. ಯಾವ ಯಂತ್ರವಿದ್ದವರಿಗೂ ಇದು ಉಪಯೋಗಕ್ಕೆ ಬರುತ್ತೆ. ಹೊರತೆಗೆದ ಮೇಲೆ ಎಷ್ಟು ಹೊತ್ತಿನಲ್ಲಿ ಗಾಜಿಗೆ ಒತ್ತಿದಿರಿ ಅನ್ನೋದೂ ಬೇಕು, ಯಾಕೆಂದರೆ ಆ ಮೇಲ್ಮೈ ಮತ್ತೆ ನೀರು ಒಲ್ಲದ ಸ್ಥಿತಿಗೆ ಮರಳುತ್ತಾ ಹೋಗುತ್ತೆ.

ಸೋರಿಕೆ ಆದ ಕೂಡಲೇ ಪ್ಲಾಸ್ಮಾ ಯಂತ್ರವನ್ನು ಬೈಯುವವರೇ ಎಲ್ಲ. ಪಂಚ್ ಮೊಂಡಾಗಿದೆಯಾ ನೋಡಲ್ಲ. ಮೊಂಡು ಪಂಚ್ ಕತ್ತರಿಸಲ್ಲ, ಹರಿದುಹಾಕುತ್ತೆ. ಆ ಹರಿದ ಗೋಡೆಯಿಂದಲೇ ನೀರು ಜಿನುಗುತ್ತೆ, ಉದುರಿದ ಚೂರು ಚಾನೆಲ್‌ನಲ್ಲಿ ಸಿಕ್ಕಿಕೊಳ್ಳುತ್ತೆ. ರಂಧ್ರ ಟ್ಯೂಬಿಗಿಂತ ಚಿಕ್ಕದಿರಬೇಕು: 1.09 ಮಿ.ಮೀ. ಹೊರವ್ಯಾಸದ ಟ್ಯೂಬಿಗೆ 0.75 ಮಿ.ಮೀ. ಪಂಚ್ ಬಿಗಿಯಾಗಿ ಕೂರುತ್ತೆ. ಈ ಎರಡು ಅಂಕಿ ಬರೆದಿದ್ದರೆ ಗಂಟೇನು ಹೋಗುತ್ತಿತ್ತು?

ಚಾನೆಲ್‌ನ ಎತ್ತರ ಬರೀತಾರೆ, ನಿಜ: '50 ಮೈಕ್ರೋಮೀಟರ್'. ಅಳೆದಿದ್ದಾ, ವಿನ್ಯಾಸ ಮಾಡುವಾಗ ಅಂದುಕೊಂಡಿದ್ದಾ? ಅಗಲವಾದ ಚಾನೆಲ್‌ನಲ್ಲಿ ಹರಿವಿನ ತಡೆ ಎತ್ತರದ ಘನಕ್ಕೆ ವಿಲೋಮ. 50ರ ಬದಲು 40 ಬಂದಿದ್ದರೆ ಅದೇ ಹರಿವಿಗೆ ಹತ್ತಿರ ಹತ್ತಿರ ಎರಡು ಪಟ್ಟು ಒತ್ತಡ ಬೇಕು. ದ್ರವ ತಳ್ಳುವ ಸಿರಿಂಜ್ ಪಂಪಿನದೂ ಇದೇ ಪಾಡು. ದೊಡ್ಡ ಸಿರಿಂಜಿಗೆ ತೀರಾ ಕಡಿಮೆ ಹರಿವು ಕೊಟ್ಟರೆ ಮೋಟಾರಿನ ಒಂದೊಂದು ಹೆಜ್ಜೆಯೂ ಹನಿಯ ಗಾತ್ರದಲ್ಲಿ ಕಾಣುತ್ತೆ. ಸಿರಿಂಜಿನ ಅಳತೆ ಮಾತ್ರ ಪೇಪರಿನಲ್ಲಿ ಕಾಣಲ್ಲ.

'ಜರ್ನಲ್‌ನಲ್ಲಿ ಪದಮಿತಿ ಇದೆ' ಅಂತ ಕಾಮೆಂಟ್ ಹಾಕೋಕೆ ಬರ್ತೀರಿ, ಗೊತ್ತು. ಅದೇ ಪೇಪರಿನ ಪೂರಕ ಕಡತ ನೋಡಿ ಬನ್ನಿ: ಪುಟಗಟ್ಟಲೆ ಗ್ರಾಫು, ಜೊತೆಗೆ ವಿಡಿಯೋ. ಪಂಚಿಗೆ ಮಾತ್ರ ಜಾಗ ಇರಲಿಲ್ಲವಂತೆ! ಇನ್ನು 'ಇದೆಲ್ಲ ಲ್ಯಾಬಿಗೆ ಬಂದರೆ ಕೈಗೆ ಹತ್ತುತ್ತೆ' ಅನ್ನುವ ಹಿರಿಯರಿಗೆ ದೂರದಿಂದಲೇ ನಮಸ್ಕಾರ. ಕೈಗೆ ಹತ್ತಿಸಿಕೊಂಡ ವಿದ್ಯಾರ್ಥಿ ಪಿಎಚ್‌ಡಿ ಮುಗಿಸಿ ಹೊರಟ ಮೇಲೆ ನಿಮ್ಮದೇ ಲ್ಯಾಬಲ್ಲಿ ಆ ಚಿಪ್ ಸೋರುತ್ತಾ ಕೂತಿರುತ್ತಲ್ಲ, ಆಗ ಯಾವ ರೆಫರೆನ್ಸ್ ತೆಗೆದು ನೋಡ್ತೀರಿ?