ಅರಿಶಿನದ ಮೇಲೆ ಪ್ರೀತಿ ಇರಲಿ, ಕಣ್ಣಿನ ಇಂಜೆಕ್ಷನ್ ಬಿಡಬೇಡಿ

ಬೆಳಿಗ್ಗೆಯಿಂದ ತಲೆ ಕೆಟ್ಟುಹೋಗಿದೆ. ನಮ್ಮ ಚಿಕ್ಕಪ್ಪ ಕಣ್ಣಿಗೆ ಇಂಜೆಕ್ಷನ್ ಹಾಕಿಸಿಕೊಳ್ಳಲ್ಲ ಅಂತ ಪಟ್ಟು ಹಿಡಿದು ಕೂತಿದ್ದಾರೆ. ಸಕ್ಕರೆ ಕಾಯಿಲೆ ರೆಟಿನಾಗೆ, ಅಂದರೆ ಕಣ್ಣಿನ ಹಿಂಭಾಗದ ಪರದೆಗೆ ಇಳಿದಿದೆ, ಎರಡನೇ ಡೋಸ್ ಬಾಕಿ ಇದೆ. "ಅರಿಶಿನದಲ್ಲೇ ವಾಸಿಯಾಯ್ತದಂತೆ ಕಣವ್ವ, ವಿಜ್ಞಾನಿಗಳೇ ಹೇಳವ್ರೆ" ಅಂತ ಮೊಬೈಲ್ ಮುಂದೆ ಹಿಡಿದರು. ಯಾರೋ ಫಾರ್ವರ್ಡ್ ಮಾಡಿದ ವಿಡಿಯೊ.

ನಮ್ಮದು ಗುಂಡ್ಲುಪೇಟೆ ಕಡೆ ಅರಿಶಿನ ಬೆಳೆಯುವ ಮನೆ, ನಿಮಗೆಲ್ಲ ಗೊತ್ತೇ ಇದೆ. ಅರಿಶಿನ ಕಣ್ಣಿನ ಔಷಧಿಯಾದರೆ ನನಗಿಂತ ಖುಷಿಪಡುವವರು ಯಾರಿದ್ದಾರೆ ಹೇಳಿ?

ಆ ವಿಡಿಯೊ ಪೂರ್ತಿ ಸುಳ್ಳೂ ಅಲ್ಲ. ಅದೇ ನನ್ನ ಸಂಕಟ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಇಲಿಗಳಿಗೆ ಸಕ್ಕರೆ ಕಾಯಿಲೆ ಬರಿಸಿ, ಆಹಾರದಲ್ಲಿ ಅರಿಶಿನ, ಅದರೊಳಗಿನ ಕರ್ಕ್ಯುಮಿನ್ ಎಂಬ ಹಳದಿ ಅಂಶ ಬೆರೆಸಿ ಕೊಟ್ಟು ನೋಡಿದ್ದಾರೆ. ಕಣ್ಣಿಗೆ ಪೊರೆ ಬರುವುದು ತಡವಾಯಿತು. ರೆಟಿನಾದಲ್ಲಿ ರಕ್ತನಾಳಗಳು ಜಿನುಗುವಂತೆ ಮಾಡುವ ವಿಇಜಿಎಫ್ ಎಂಬ ಪ್ರೋಟೀನ್ ಏರುವುದೂ ತಗ್ಗಿತು. ಚಿಕ್ಕಪ್ಪನ ಇಂಜೆಕ್ಷನ್ ತಡೆಯುವುದೂ ಅದೇ ಪ್ರೋಟೀನನ್ನು. ಒಳ್ಳೆ ಕೆಲಸ, ಅದರ ಬಗ್ಗೆ ಗೌರವವಿದೆ. ಆದರೆ ನೋಡಿದ್ದು ಇಲಿಗಳಲ್ಲಿ. ವಿಡಿಯೊದಲ್ಲಿ ಇಲಿ ಎಂಬ ಮಾತೇ ಇಲ್ಲ!

ಮನುಷ್ಯರ ಹೊಟ್ಟೆಯಲ್ಲಿ ಏನಾಗುತ್ತದೆ? 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರೇ ನೋಡಿದ್ದಾರೆ. 2 ಗ್ರಾಂ ಕರ್ಕ್ಯುಮಿನ್ ನುಂಗಿಸಿದರೆ ರಕ್ತದಲ್ಲಿ ಹೆಚ್ಚುಕಡಿಮೆ ಸಿಗಲೇ ಇಲ್ಲ. ಕರಿಮೆಣಸಿನ ಪೈಪರಿನ್ ಎಂಬ ಅಂಶ ಜೊತೆಗೆ ಕೊಟ್ಟಾಗ ಸುಮಾರು 20 ಪಟ್ಟು ಹೆಚ್ಚಿತು. ಏನೂ ಇಲ್ಲದಷ್ಟರ 20 ಪಟ್ಟು! ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು 3%. ಅಂದರೆ ಆ 2 ಗ್ರಾಮಿಗೆ ಅರವತ್ತು ಗ್ರಾಮಿಗಿಂತ ಜಾಸ್ತಿ ಪುಡಿ ಬೇಕು. ಹಾಲಿಗೆ ಹಾಕುವ ಚಿಟಿಕೆ ರೆಟಿನಾ ಮುಟ್ಟುವುದು ಯಾವಾಗ?

ಚಿಕ್ಕಪ್ಪನ ರೆಟಿನಾ ಫೋಟೊ ನಾನೇ ನೋಡಿದ್ದೇನೆ. ಡ್ರಾಪ್ಸ್ ಹಾಕಿ, ಕಣ್ಣು ಮುಚ್ಚಿ ಕೂರಿಸಿ, ಪಾಪೆ ಅಗಲವಾದ ಮೇಲೆ ತೆಗೆದದ್ದು. ಕಿತ್ತಳೆ ಬಣ್ಣದ ಮೇಲೆ ಅಲ್ಲಲ್ಲಿ ಸಣ್ಣ ಕೆಂಪು ಚುಕ್ಕಿ, ನಡುಭಾಗದ ಹತ್ತಿರ ಹಳದಿ ಕಲೆ. ರಕ್ತನಾಳಗಳು ಹಳೆ ಡ್ರಿಪ್ ಪೈಪಿನ ಹಾಗೆ ಜಿನುಗುತ್ತಿವೆ. ಅದಕ್ಕೂ ಒಂದು ವಾರ ಮೊದಲು ಇದೇ ಮನುಷ್ಯ ಕಣ್ಣು ಚೆನ್ನಾಗಿದೆ ಅಂತ ಪೇಪರ್ ಓದುತ್ತಿದ್ದರು. ಈ ಕಾಯಿಲೆ ಶುರುವಿನಲ್ಲಿ ನೋಯುವುದಿಲ್ಲ, ಮಂಜೂ ಆಗುವುದಿಲ್ಲ. ಅದಕ್ಕೇ ಸಕ್ಕರೆ ಇರುವವರು ವರ್ಷಕ್ಕೊಮ್ಮೆ ರೆಟಿನಾ ತೋರಿಸಲೇಬೇಕು.

"ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಕೂಡ ಗಿಡದಿಂದಲೇ ಬಂದದ್ದು ಅಲ್ವಾ?" ಅಂತ ಒಬ್ಬ ಗೆಳತಿ ಕೇಳಿದಳು. ಹೌದು, ಅದರ ಮೂಲ ಯುರೋಪಿನ ಗಲೇಗ ಎಂಬ ಗಿಡ. ಆದರೆ ಗಿಡದೊಳಗಿನ ಗಲೇಜಿನ್ ಎಂಬ ಅಂಶ ವಿಷಕಾರಿ. ಅದರದೇ ಜಾತಿಯ ಸುರಕ್ಷಿತ ರಾಸಾಯನಿಕ ತಯಾರಿಸಿ, ಫ್ರಾನ್ಸಿನ ವೈದ್ಯ ಜೀನ್ ಸ್ಟರ್ನ್ ರೋಗಿಗಳಿಗೆ ಕೊಟ್ಟು ನೋಡಿ, ಫಲಿತಾಂಶ ಪ್ರಕಟಿಸಿದ್ದು 1957ರಲ್ಲಿ. ಗಿಡದ ಕಷಾಯ ಕುಡಿದು ಯಾರೂ ಅಲ್ಲಿಗೆ ತಲುಪಲಿಲ್ಲ.

ಇನ್ನೊಂದು ಕಥೆ ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಈರುಳ್ಳಿಯಲ್ಲಿರುವ ಕ್ವೆರ್ಸೆಟಿನ್ ಎಂಬ ಅಂಶ, ಸಕ್ಕರೆ ಕಾಯಿಲೆಯಲ್ಲಿ ಕಣ್ಣು ಕೆಡುವುದಕ್ಕೆ ಕಾರಣ ಅಂದುಕೊಂಡಿದ್ದ ಆಲ್ಡೋಸ್ ರಿಡಕ್ಟೇಸ್ ಎಂಬ ಕಿಣ್ವವನ್ನು ಲ್ಯಾಬಿನಲ್ಲಿ ತಡೆಯುತ್ತದೆ. ಅದೇ ಕಿಣ್ವವನ್ನು ಇನ್ನೂ ಬಲವಾಗಿ ತಡೆಯುವ ಸಾರ್ಬಿನಿಲ್ ಎಂಬ ಮಾತ್ರೆ ಮಾಡಿದರು. ಪ್ರಾಣಿಗಳಲ್ಲಿ ಭಾರಿ ಆಸೆ ಹುಟ್ಟಿಸಿತು. ಮನುಷ್ಯರಲ್ಲಿ ಪರೀಕ್ಷಿಸಿ 1990ರಲ್ಲಿ ಫಲಿತಾಂಶ ಬಂದಾಗ ರೆಟಿನಾಗೆ ಹೇಳಿಕೊಳ್ಳುವಂಥ ಉಪಯೋಗ ಕಾಣಲಿಲ್ಲ. ಔಷಧಿ ಅಂತಲೇ ತಯಾರಾದ ಮಾತ್ರೆಯ ಗತಿಯೇ ಹೀಗಿರುವಾಗ, ಸುಮ್ನೆ ಜ್ಯೂಸ್ ಕುಡಿಯಿರಿ ಅನ್ನುವವರಿಗೆ ಎಷ್ಟು ಧೈರ್ಯ! ಮೊದಲು ಕಣ್ಣು ಕಳೆದುಕೊಳ್ಳುವವರು ನೋಡುಗರು, ವಿಡಿಯೊ ಮಾಡಿದವರಲ್ಲ. ನನಗೆ ಕೋಪ ಬರುವುದು ಇದಕ್ಕೇ.

ಗಿಡಗಳ ಮೇಲೆ ಸಂಶೋಧನೆ ನಡೆಯಲಿ, ದುಡ್ಡೂ ಸಿಗಲಿ. ಸಕ್ಕರೆ ಕಾಯಿಲೆ ಇರುವ ಜನರಿಗೆ ಕೊಟ್ಟು, ವರ್ಷಗಟ್ಟಲೆ ರೆಟಿನಾ ಫೋಟೊ ತೆಗೆದು, ಔಷಧಿಯೇ ಇಲ್ಲದ ಹುಸಿ ಮಾತ್ರೆ ತಗೊಂಡವರ ಜೊತೆ ಹೋಲಿಸಿ ನೋಡಿದ ದೊಡ್ಡ ಪರೀಕ್ಷೆ ಇದ್ದರೆ ನನಗೆ ಕಳುಹಿಸಿ, ನಡುರಾತ್ರಿಯಾದರೂ ಎದ್ದು ಓದುತ್ತೇನೆ. ಅದಿಲ್ಲದ ವಿಡಿಯೊ ದಯವಿಟ್ಟು ಮನೆಯ ಹಿರಿಯರಿಗೆ ಕಳುಹಿಸಬೇಡಿ.